ಹೆಸರಿಟ್ಟದ್ದೇ ಕಾಣುತ್ತದೆ: ಕನ್ನಡದಲ್ಲಿ ಟೆಕ್ಸ್ಟ್ ಗೇಮ್ ಕಟ್ಟುವವರಿಗೆ

‘ಎ ಡಾರ್ಕ್ ರೂಮ್’ ಎಂಬ ಆಟವನ್ನು ಬ್ರೌಸರ್‌ನಲ್ಲಿ ತೆರೆದರೆ ಕಾಣುವುದು ಬಿಳಿ ಪರದೆ, ಒಂದೆರಡು ಸಾಲು ಅಕ್ಷರ, ಒಂದು ಗುಂಡಿ. ಚಿತ್ರವೆಂಬುದಿಲ್ಲ. ಕೆನಡಾದ ಮೈಕಲ್ ಟೌನ್‌ಸೆಂಡ್ 2013ರಲ್ಲಿ ಮಾಡಿದ ಆಟ ಇದು. ಪುಟದ ತಲೆಯ ಮೇಲೆ ‘ಕತ್ತಲ ಕೋಣೆ’ ಎಂಬರ್ಥದ ಶೀರ್ಷಿಕೆ ಇರುತ್ತದೆ. ಗುಂಡಿ ಒತ್ತಿ ಬೆಂಕಿ ಹೊತ್ತಿಸಿದ ಕೂಡಲೇ ಆ ಶೀರ್ಷಿಕೆ ಬದಲಾಗಿ ‘ಬೆಂಕಿ ಬೆಳಕಿನ ಕೋಣೆ’ ಆಗುತ್ತದೆ. ಹೊರಗೆ ಹೋದರೆ ಮೊದಲು ಬರೀ ‘ಮೌನದ ಕಾಡು’. ಒಂದು ಗುಡಿಸಲು ಎದ್ದರೆ ಅದೇ ಜಾಗ ‘ಒಂಟಿ ಗುಡಿಸಲು’, ಇನ್ನಷ್ಟು ಕಟ್ಟಿದರೆ ‘ಪುಟ್ಟ ಹಳ್ಳಿ’, ಕೊನೆಕೊನೆಗೆ ‘ಗದ್ದಲದ ಹಳ್ಳಿ’. ಮುಂದಿನ ಪೀಳಿಗೆಯ ಗ್ರಾಫಿಕ್ಸ್ ಕಾರ್ಡು ಮಾಡುವ ಕೆಲಸವನ್ನು ಇಲ್ಲಿ ಎರಡು ಪದದ ಹೆಸರು ಮಾಡಿ ಮುಗಿಸುತ್ತದೆ. ಅದೇ ವರ್ಷ ಅಮೆರಿಕದ ಅಮೀರ್ ರಾಜನ್ ಈ ಆಟವನ್ನು ಐಫೋನಿಗೆ ತಂದರು. 2014ರ ಏಪ್ರಿಲ್‌ನಲ್ಲಿ ಅದು ಅಮೆರಿಕದ ಆ್ಯಪ್ ಸ್ಟೋರ್‌ನಲ್ಲಿ ಹಣ ಕೊಟ್ಟು ಕೊಳ್ಳುವ ಆಟಗಳ ಪಟ್ಟಿಯ ತುದಿಗೇರಿತು.

ಒಬ್ಬರೇ ಕೂತು ಆಟ ಕಟ್ಟುವ ಆಸೆ ಇರುವವರಿಗೆ ಟೆಕ್ಸ್ಟ್ ಗೇಮ್‌ಗಿಂತ ಹತ್ತಿರದ ದಾರಿ ಇಲ್ಲ. ಚಿತ್ರಕಾರರು ಬೇಡ, ದುಬಾರಿ ಕಂಪ್ಯೂಟರ್ ಬೇಡ, ಬರೆಯಲು ಬಂದರೆ ಅರ್ಧ ಬಂಡವಾಳ ಕೈಯಲ್ಲೇ ಇದ್ದಂತೆ. ಆದರೆ ಇಲ್ಲಿ ಹೆಸರಿಡುವುದೂ ಆಟದ ವಿನ್ಯಾಸವೂ ಬೇರೆಬೇರೆ ಕೆಲಸಗಳಲ್ಲ ಎನ್ನುವುದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಹೆಸರಿಟ್ಟದ್ದು ಮಾತ್ರ ಆಡುವವರ ಕಣ್ಣಿಗೆ ಬೀಳುತ್ತದೆ. ಹೆಸರಿಲ್ಲದ್ದು ಆ ಲೋಕದಲ್ಲಿ ಇಲ್ಲ. ಈ ಲೇಖನ ಆ ಒಂದು ಎಳೆಯನ್ನೇ ಹಿಡಿದು ಸಾಗುತ್ತದೆ.

ಜೊತೆಗಿರಲಿ ಎಂದು ಒಂದು ಪುಟ್ಟ ಆಟವನ್ನು ಕಲ್ಪಿಸಿಕೊಳ್ಳೋಣ. ಮಲೆನಾಡಿನ ಹಳೇ ಮನೆ, ಮಳೆಗಾಲದ ರಾತ್ರಿ, ಕರೆಂಟು ಹೋಗಿದೆ. ಅಜ್ಜನ ಟ್ರಂಕಿನ ಕೀಲಿ ಹುಡುಕಬೇಕು. ಅಜ್ಜಿಗೆ ಎಚ್ಚರವಾಗಬಾರದು. ಇಷ್ಟೇ.

ಹೆಸರು ಹೇಳಿದರೆ ಮಾತು ಕೊಟ್ಟಂತೆ

ಈ ಪ್ರಕಾರಕ್ಕೆ ದಾರಿ ಹಾಕಿದ ಆಟವನ್ನು 1976ರ ಹೊತ್ತಿಗೆ ಬರೆದವರು ವಿಲ್ ಕ್ರೌದರ್. ಗುಹೆಗಳಿಗೆ ಇಳಿದು ಅಳತೆ ಮಾಡಿ ನಕ್ಷೆ ತೆಗೆಯುವುದು ಅವರ ಹವ್ಯಾಸ. ಅಮೆರಿಕದ ಕೆಂಟಕಿಯಲ್ಲಿರುವ ಮ್ಯಾಮತ್ ಗುಹಾ ಸಮೂಹದ ಬೆಡ್‌ಕ್ವಿಲ್ಟ್ ಎಂಬ ಭಾಗ ಅವರಿಗೆ ಚೆನ್ನಾಗಿ ಪರಿಚಿತವಾಗಿತ್ತು. ತಮ್ಮ ಆ ಆಟ ‘ಕೊಲೋಸಲ್ ಕೇವ್ ಅಡ್ವೆಂಚರ್’ನಲ್ಲಿ ಗುಹೆಯವರು ನಿಜಕ್ಕೂ ಬಳಸುವ ಹೆಸರುಗಳನ್ನೇ ಇಟ್ಟರು. ‘ವೈ2’ ಎಂಬ ಜಾಗದ ಹೆಸರೂ ಹಾಗೆ ಗುಹೆ ಅಳೆಯುವವರ ಗುರುತಿನಿಂದ ಬಂದದ್ದು. ಮರುವರ್ಷ ಡಾನ್ ವುಡ್ಸ್ ಆ ಆಟವನ್ನು ಹಿಗ್ಗಿಸಿದರು. ಓದಿದವರಿಗೆ ಗುಹೆ ನಂಬುವಂತಾದದ್ದು ವರ್ಣನೆಯ ಉದ್ದದಿಂದಲ್ಲ, ಆ ಹೆಸರುಗಳನ್ನು ಯಾರೋ ನಿಜವಾಗಿ ಬಾಯಲ್ಲಿ ಆಡಿದ್ದಾರೆ ಎಂಬ ಭಾವದಿಂದ.

ನಮ್ಮ ಮಲೆನಾಡಿನ ಮನೆಗೂ ಹೀಗೆಯೇ. ‘ಕೋಣೆ 1, ಕೋಣೆ 2, ದೊಡ್ಡ ಕೋಣೆ’ ಎಂದು ಬರೆದರೆ ಮನೆ ಎದ್ದು ನಿಲ್ಲುವುದಿಲ್ಲ. ಅಂಗಳ, ಜಗಲಿ, ನಡುಮನೆ, ದೇವರ ಕೋಣೆ, ಉಗ್ರಾಣ, ಬಚ್ಚಲು, ಕೊಟ್ಟಿಗೆ, ಅಟ್ಟ ಎಂದರೆ ಸಾಕು, ಯಾವುದರ ಪಕ್ಕ ಯಾವುದು ಇರಬಹುದು, ಎಲ್ಲಿ ಕತ್ತಲು ಹೆಚ್ಚು, ಎಲ್ಲಿ ಬೆಂಕಿ ಇನ್ನೂ ಆರಿರಲಿಕ್ಕಿಲ್ಲ ಎಂಬುದೆಲ್ಲ ಓದುಗರಿಗೆ ತಾನಾಗಿ ಹೊಳೆಯುತ್ತದೆ. ಬಚ್ಚಲು ಎಂದಾಕ್ಷಣ ಹಂಡೆ, ಒಲೆಯ ಬೂದಿ, ಒದ್ದೆ ನೆಲ ಬಂದೇ ಬರುತ್ತವೆ. ಬರೆಯುವವರ ಮೂರು ವಾಕ್ಯ ಉಳಿಯಿತು.

ಅಪಾಯವೂ ಇಲ್ಲೇ ಇದೆ. ವರ್ಣನೆಯಲ್ಲಿ ಬಂದ ಪ್ರತಿ ವಸ್ತುವನ್ನೂ ಆಡುವವರು ಮುಟ್ಟಲು ನೋಡುತ್ತಾರೆ. ‘ಗೋಡೆಯ ಮೇಲೆ ನಿಂತುಹೋದ ಗಡಿಯಾರ, ಮೂಲೆಯಲ್ಲಿ ಕಂಬಳಿ ಕೊಪ್ಪೆ, ಗೂಟಕ್ಕೆ ನೇತುಹಾಕಿದ ಕತ್ತಿ’ ಎಂದು ಅಂದಕ್ಕಾಗಿ ಬರೆದರೆ, ಗಡಿಯಾರ ತೆರೆಯಬಹುದೇ, ಕೊಪ್ಪೆಯ ಕೆಳಗೆ ಕೀಲಿ ಇದೆಯೇ, ಕತ್ತಿ ತೆಗೆದುಕೊಳ್ಳಬಹುದೇ ಎಂಬ ಮೂರು ಪ್ರಶ್ನೆ ಹುಟ್ಟುತ್ತವೆ. ಉತ್ತರ ಸಿಗದಿದ್ದರೆ ಆಡುವವರಿಗೆ ಬರೆದವರ ಮೇಲಿನ ನಂಬಿಕೆ ಹೋಗುತ್ತದೆ. ಆದ್ದರಿಂದ ಪ್ರತಿ ಜಾಗಕ್ಕೂ ಎರಡು ಅಥವಾ ಮೂರು ವಸ್ತುಗಳನ್ನಷ್ಟೇ ಹೆಸರಿಸಿ, ಹೆಸರಿಸಿದ ಪ್ರತಿಯೊಂದೂ ಏನಾದರೂ ಉತ್ತರ ಕೊಡುವಂತೆ ಮಾಡಿ. ಕೆಲಸಕ್ಕೆ ಬಾರದ ವಸ್ತುವಾದರೂ ಸರಿ, ಮುಟ್ಟಿದಾಗ ಅಜ್ಜನ ಬಗ್ಗೆ ಒಂದು ಸಾಲು ಹೇಳಲಿ. ಉಳಿದ ವಾತಾವರಣವನ್ನು ಮುಟ್ಟಲಾಗದ ಸಂಗತಿಗಳಿಂದ ಕಟ್ಟಿ: ಮಳೆಯ ಸದ್ದು, ಹೊಗೆಯ ವಾಸನೆ, ಹೆಂಚಿನ ಸಂದಿಯ ಗಾಳಿ.

ಟೌನ್‌ಸೆಂಡ್ ಅವರ ಉಪಾಯವನ್ನೂ ಬಳಸಿಕೊಳ್ಳಿ. ಜಾಗದ ಸ್ಥಿತಿ ಬದಲಾದಾಗ ಅದರ ಹೆಸರೂ ಬದಲಾಗಲಿ. ‘ಬೀಗ ಹಾಕಿದ ಉಗ್ರಾಣ’ ಮುಂದೆ ‘ತೆರೆದ ಉಗ್ರಾಣ’ ಆಗಲಿ. ಅಜ್ಜಿ ಮಲಗಿದ ‘ನಡುಮನೆ’ ಅವರು ಎದ್ದ ಮೇಲೆ ‘ಅಜ್ಜಿ ಕೂತ ನಡುಮನೆ’ ಆಗಲಿ. ಇಷ್ಟರಿಂದಲೇ ಆಡುವವರಿಗೆ ತಾವು ಮಾಡಿದ್ದು ಲೆಕ್ಕಕ್ಕೆ ಬಂತು ಎಂಬ ತೃಪ್ತಿ ಸಿಗುತ್ತದೆ. ಅದಕ್ಕಾಗಿ ಅಂಕಪಟ್ಟಿ ಬೇಕಿಲ್ಲ.

ಟೈಪ್ ಮಾಡಿಸುವುದೋ, ಆರಿಸಲು ಬಿಡುವುದೋ

ಟೆಕ್ಸ್ಟ್ ಗೇಮ್‌ಗಳಲ್ಲಿ ದೊಡ್ಡ ಬಗೆಗಳು ಎರಡು. ಒಂದರಲ್ಲಿ ಆಡುವವರು ಆಜ್ಞೆಯನ್ನು ಟೈಪ್ ಮಾಡುತ್ತಾರೆ. ಕ್ರೌದರ್ ಅವರ ಆಟ, ಎಂಐಟಿಯ ಗೆಳೆಯರು ಮಾಡಿದ ‘ಝೋರ್ಕ್’ ಈ ಬಗೆಯವು. ಇಂಥವನ್ನು ಕಟ್ಟಲು ಗ್ರಹಾಂ ನೆಲ್ಸನ್ 1993ರಲ್ಲಿ ‘ಇನ್‌ಫಾರ್ಮ್’ ಎಂಬ ಸಾಧನ ಕೊಟ್ಟರು. ಇನ್ನೊಂದು ಬಗೆಯಲ್ಲಿ ತೆರೆಯ ಮೇಲಿನ ಆಯ್ಕೆಗಳಲ್ಲಿ ಒಂದನ್ನು ಒತ್ತಿದರಾಯಿತು. ಕ್ರಿಸ್ ಕ್ಲೈಮಸ್ 2009ರಲ್ಲಿ ಹೊರತಂದ ‘ಟ್ವೈನ್’, ಕೇಂಬ್ರಿಡ್ಜ್‌ನ ‘ಇಂಕಲ್’ ಸಂಸ್ಥೆ 2016ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟ ‘ಇಂಕ್’ ಇದಕ್ಕೆ ಒದಗುತ್ತವೆ. ಎರಡೂ ಉಚಿತ.

ಕನ್ನಡದಲ್ಲಿ ಮೊದಲ ಆಟ ಮಾಡುವವರು ಎರಡನೆಯದನ್ನೇ ಹಿಡಿಯಬೇಕೆಂದು ನನ್ನ ಬಲವಾದ ಸಲಹೆ. ಟೈಪ್ ಮಾಡಿದ್ದನ್ನು ಅರ್ಥಮಾಡಿಕೊಳ್ಳುವ ಯಂತ್ರಕ್ಕೆ ಬಾಗಿಲನ್ನು, ಬಾಗಿಲಿಗೆ, ಬಾಗಿಲಿಂದ, ಬಾಗಿಲ ಎಲ್ಲವೂ ಒಂದೇ ‘ಬಾಗಿಲು’ ಎಂದು ತಿಳಿಯಬೇಕು. ‘ತೆರೆ, ತೆಗೆ, ತೆರಿ, ತೆಗಿ’ ಎಂದು ನಾಲ್ಕು ಊರಿನವರು ನಾಲ್ಕು ರೀತಿ ಬರೆಯುತ್ತಾರೆ. ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಲು ಬೇಸರಿಸುವವರೂ ಕಡಿಮೆ ಇಲ್ಲ. ಇದನ್ನೆಲ್ಲ ಗೆಲ್ಲುವುದು ಅಸಾಧ್ಯವಲ್ಲ, ಆದರೆ ಅದು ಆಟ ಬರೆಯುವ ಕೆಲಸವಲ್ಲ, ವ್ಯಾಕರಣದ ಸಾಫ್ಟ್‌ವೇರ್ ಬರೆಯುವ ಕೆಲಸ.

ಆಯ್ಕೆಯ ಆಟದಲ್ಲೂ ಭಾಷೆಯ ಆಟಕ್ಕೆ ಜಾಗವಿದೆ. ಎಮಿಲಿ ಶಾರ್ಟ್ ಅವರ ‘ಕೌಂಟರ್‌ಫೀಟ್ ಮಂಕಿ’ (2012) ಟೈಪ್ ಮಾಡುವ ಆಟವಾದರೂ ದಾರಿ ತೋರಿಸುತ್ತದೆ: ಅಲ್ಲಿ ವಸ್ತುವಿನ ಹೆಸರಿನಿಂದ ಒಂದು ಅಕ್ಷರ ತೆಗೆದರೆ ಆ ವಸ್ತುವೇ ಬೇರೊಂದಾಗಿ ಬಿಡುತ್ತದೆ. ನಮ್ಮ ಲಿಪಿಯ ಬಗೆ ಬೇರೆ. ಗುಣಿತಾಕ್ಷರ ಬದಲಿಸಿದರೆ ಬಳೆ ಬಾಳೆಯಾಗುತ್ತದೆ, ಬಾಳೆ ಬೇಳೆಯಾಗುತ್ತದೆ. ಕಾಲು ಕೀಲಾಗಿ ಕೋಲಾಗುತ್ತದೆ. ಕಾಗುಣಿತವನ್ನೇ ಒಗಟಾಗಿಸಿದ ಆಟವೊಂದು ಕನ್ನಡಕ್ಕೆ ಬೇಕು. ಯಾರಾದರೂ ಮಾಡಿದರೆ ಆಡಲು ನಾನು ಕಾದಿದ್ದೇನೆ.

ನೀನೋ, ನೀವೋ

ಆಡುವವರನ್ನು ಹೇಗೆ ಕರೆಯುವುದು ಎಂಬುದನ್ನು ಮೊದಲ ಸಾಲು ಬರೆಯುವ ಮುಂಚೆ ತೀರ್ಮಾನಿಸಿ. ‘ನೀನು’ ಎಂದರೆ ಆಪ್ತತೆ, ಒಂದಿಷ್ಟು ಅಧಿಕಾರ. ದೆವ್ವದ ಕಥೆಗೆ, ಬಾಲ್ಯದ ಕಥೆಗೆ ಒಪ್ಪುತ್ತದೆ. ‘ನೀವು’ ಎಂದರೆ ದೂರ, ಗೌರವ. ಪತ್ತೇದಾರಿ ಕಥೆಗೋ ಕಚೇರಿಯ ಕಥೆಗೋ ಸರಿ. ಯಾವುದಾದರೂ ಸರಿ, ನಡುವೆ ಬದಲಾಗಬಾರದು. ಆಯ್ಕೆಯ ಗುಂಡಿಗಳ ಕ್ರಿಯಾಪದಕ್ಕೂ ಇದೇ ಮಾತು. ‘ಅಟ್ಟ ಹತ್ತು’, ‘ಅಟ್ಟ ಹತ್ತಿ’, ‘ಅಟ್ಟ ಹತ್ತುತ್ತೇನೆ’ ಮೂರೂ ಸರಿಯೇ. ಮೂರೂ ಒಂದೇ ಆಟದಲ್ಲಿ ಬಂದರೆ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದೇ ಕಲಸಿಹೋಗುತ್ತದೆ. ನನಗೆ ಮೂರನೆಯದು ಇಷ್ಟ, ಏಕೆಂದರೆ ಅಲ್ಲಿ ಮಾತಾಡುವುದು ಆಡುವವರೇ.

ಕನ್ನಡದ ಒಂದು ದೊಡ್ಡ ಅನುಕೂಲವನ್ನು ಬಿಡಬೇಡಿ. ‘ನೀನು ಬಂದೆ, ನೀವು ಬಂದಿರಿ’ ಎನ್ನುವಾಗ ಗಂಡು ಹೆಣ್ಣು ಎಂಬ ಗುರುತು ಬೇಡ. ಬೇರೆ ಪಾತ್ರಗಳು ಆಡುವವರ ಬಗ್ಗೆ ಮಾತಾಡುವಾಗ ಮಾತ್ರ ‘ಬಂದನು, ಬಂದಳು’ ಕಾಡುತ್ತದೆ. ಅಲ್ಲಿ ‘ಬಂದರು’ ಎಂಬ ಬಹುವಚನ ಕಾಪಾಡುತ್ತದೆ. ಇನ್ನೊಂದು: ಕರ್ತೃವನ್ನು ಬಿಟ್ಟರೂ ನಮ್ಮ ವಾಕ್ಯ ನಿಲ್ಲುತ್ತದೆ. ‘ನೀವು ಬಾಗಿಲು ತೆರೆಯುತ್ತೀರಿ, ನೀವು ಒಳಗೆ ನೋಡುತ್ತೀರಿ’ ಎಂದು ಪುಟಗಟ್ಟಲೆ ಬರೆದರೆ ಓದುವವರು ದಣಿಯುತ್ತಾರೆ. ‘ಬಾಗಿಲು ಕಿರ್ರೆಂದಿತು. ಒಳಗೆ ಅಡಿಕೆಯ ಒಗರು ವಾಸನೆ’ ಎಂದರೆ ನೀವು ಎಂಬ ಪದವೇ ಇಲ್ಲದೆ ಆಡುವವರು ಒಳಗೆ ಬಂದಾಯಿತು.

ಆಡುವವರ ಹೆಸರು ಕೇಳಿ ಕಥೆಯೊಳಗೆ ತುಂಬುವ ಆಸೆ ಎಲ್ಲರಿಗೂ ಬರುತ್ತದೆ. ಇಂಗ್ಲಿಷ್ ಆಟದಲ್ಲಿ ಹೆಸರನ್ನು ಎಲ್ಲಿ ಬೇಕಾದರೂ ಅಂಟಿಸಬಹುದು. ಇಲ್ಲಿ ವಿಭಕ್ತಿ ಅಡ್ಡ ಬರುತ್ತದೆ. ರಾಮನಿಗೆ, ರವಿಗೆ, ಮಧುವಿಗೆ, ಲತಾಗೆ, ಕಿರಣ್‌ಗೆ: ‘ಗೆ’ ಸೇರುವ ರೀತಿ ಹೆಸರಿನಿಂದ ಹೆಸರಿಗೆ ಬೇರೆ. ಬರಿದೇ ಹೆಸರಿಗೆ ‘ಗೆ’ ಅಂಟಿಸಿದರೆ ‘ರಾಮಗೆ’, ‘ಮಧುಗೆ’ ಎಂದು ಬಂದು ಬರಹ ಕುಂಟುತ್ತದೆ. ಹೆಸರಿನ ಮುಂದೆ ‘ಅವರು’ ಸೇರಿಸಿದರೆ ‘ಮಧು ಅವರಿಗೆ, ಲತಾ ಅವರನ್ನು’ ಎಂದು ಎಲ್ಲ ಹೆಸರಿಗೂ ಒಂದೇ ಅಚ್ಚು ಸಾಕು, ಆದರೆ ಮನೆಯೊಳಗಿನ ಕಥೆಗೆ ಆ ಗೌರವ ಹೊಂದುವುದಿಲ್ಲ. ಹೆಸರನ್ನು ಕರೆಯುವಾಗ ಮಾತ್ರ ಬಳಸುವುದು ಇನ್ನೊಂದು ದಾರಿ: ‘ಮಧು, ಇಷ್ಟು ಹೊತ್ತಿನಲ್ಲಿ ಎಲ್ಲಿಗೆ?’ ನಮ್ಮ ಆಟದಲ್ಲಾದರೆ ಹೆಸರು ಕೇಳುವುದೇ ಬೇಡ. ಅಜ್ಜಿ ಮೊಮ್ಮಗುವನ್ನು ‘ಪುಟ್ಟಾ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು.

ಪಾತ್ರಗಳ ಹೆಸರು

ಲಂಡನ್ನಿನ ‘ಫೇಲ್‌ಬೆಟರ್ ಗೇಮ್ಸ್’ 2009ರಲ್ಲಿ ಶುರುಮಾಡಿದ ಓದುವ ಆಟವೊಂದರಲ್ಲಿ ಬಹಳಷ್ಟು ಪಾತ್ರಗಳಿಗೆ ಹೆಸರೇ ಇಲ್ಲ. ಒಂದು ಗುಣ, ಒಂದು ವೃತ್ತಿ ಸೇರಿಸಿ ಕರೆಯುತ್ತಾರೆ. ಕಷ್ಟದಲ್ಲಿರುವ ಕಲಾವಿದ, ಮಾತಿನಲ್ಲಿ ಕೊಂಕಿರುವ ಅಧಿಕಾರಿ ಎಂಬಂತೆ. ನೂರಾರು ಪಾತ್ರಗಳಿರುವ ಆಟದಲ್ಲಿ ಯಾರು ಯಾರೆಂದು ನೆನಪಿಡುವ ಹೊರೆ ಇದರಿಂದ ಇಳಿಯುತ್ತದೆ. ಮೊದಲು ‘ಎಕೋ ಬಜಾರ್’ ಎಂದಿದ್ದ ಆ ಆಟದ ಹೆಸರೂ ಮುಂದೆ ‘ಫಾಲನ್ ಲಂಡನ್’ ಎಂದಾಯಿತು. ಕಥೆಯೊಳಗಿನ ಒಂದು ಮಾರುಕಟ್ಟೆಗಿಂತ ಕಥೆ ನಡೆಯುವ ಊರನ್ನೇ ಹೇಳುವ ಹೆಸರು ಹೊಸಬರಿಗೆ ಹೆಚ್ಚು ತಿಳಿಸುತ್ತದೆ ಎಂಬುದು ನನ್ನ ಓದು.

ಕನ್ನಡಕ್ಕೆ ಈ ಕ್ರಮ ಇನ್ನೂ ಹೆಚ್ಚು ಒದಗುತ್ತದೆ. ನಮ್ಮಲ್ಲಿ ಹೆಸರೊಂದು ಊರು, ಜಾತಿ, ಧರ್ಮ, ಪೀಳಿಗೆ ಎಲ್ಲವನ್ನೂ ಒಟ್ಟಿಗೇ ಹೇಳಿಬಿಡುತ್ತದೆ. ಪಾಟೀಲ ಎಂದರೆ ಒಂದು ಸೀಮೆ, ಶೆಟ್ಟಿ ಎಂದರೆ ಇನ್ನೊಂದು, ಭಟ್ಟ ಎಂದರೆ ಮತ್ತೊಂದು. ಅದು ಕಥೆಗೆ ಬೇಕಿದ್ದರೆ ಧೈರ್ಯವಾಗಿ ಬಳಸಿ. ಬೇಡವಾದರೆ ಗೊತ್ತಿಲ್ಲದೆ ಒಳಗೆ ಬರದಂತೆ ನೋಡಿಕೊಳ್ಳಿ. ಖಳನಿಗೆ ಯಾವ ಸಮುದಾಯದ ಹೆಸರು ಬಿತ್ತು ಎಂಬುದನ್ನು ಕೊನೆಗೊಮ್ಮೆ ಪಟ್ಟಿ ಮಾಡಿ ನೋಡುವುದು ಬರೆಯುವವರ ಜವಾಬ್ದಾರಿ. ‘ಕೆಮ್ಮುವ ಪೋಸ್ಟ್‌ಮ್ಯಾನ್’, ‘ಬೀಡಿ ಸೇದುವ ಕಾವಲುಗಾರ’ ಎಂದರೆ ಆ ಭಾರವಿಲ್ಲದೆ ಮನುಷ್ಯ ಕಾಣುತ್ತಾನೆ. ಹೆಸರಿಟ್ಟರೆ ಮೊದಲಕ್ಷರ ಬೇರೆಬೇರೆ ಇರಲಿ. ರಮೇಶ, ರಾಜೇಶ, ರಾಕೇಶ ಮೂವರೂ ಒಂದೇ ಕಥೆಯಲ್ಲಿದ್ದರೆ ಮೊಬೈಲಿನಲ್ಲಿ ಬೇಗಬೇಗ ಓದುವವರು ಖಂಡಿತ ದಾರಿ ತಪ್ಪುತ್ತಾರೆ.

ಯಾರ ಕಣ್ಣಿನಿಂದ ಕಥೆ ನೋಡುವುದು ಎಂಬುದೂ ಇದಕ್ಕೇ ಸೇರಿದ ವಿಷಯ. ಇಂಕಲ್‌ನವರ ‘80 ಡೇಸ್’ (2014) ಜೂಲ್ಸ್ ವೆರ್ನ್ ಕಾದಂಬರಿಯ ಬೆನ್ನಿಗೆ ಹುಟ್ಟಿದ ಆಟ. ಮೇಘನಾ ಜಯಂತ್ ಅದರ ಮುಖ್ಯ ಲೇಖಕಿ. ಅಲ್ಲಿ ಆಡುವವರು ಎಂಬತ್ತು ದಿನದಲ್ಲಿ ಲೋಕ ಸುತ್ತುವ ಪಣ ಕಟ್ಟಿದ ನಾಯಕ ಫಾಗ್ ಅಲ್ಲ, ಅವನ ಸೇವಕ ಪಾಸ್‌ಪಾರ್ತೂ. ಪೆಟ್ಟಿಗೆ ಹೊರುವವನು, ಟಿಕೆಟ್ ಹೊಂದಿಸುವವನು, ಬೀದಿಯ ಜನರೊಡನೆ ಮಾತಾಡುವವನು ಅವನೇ. ಆಟದ ಕೆಲಸವೆಲ್ಲ ಯಾರ ಪಾಲಿಗೆ ಬರುತ್ತದೋ ಅವರನ್ನೇ ನಾಯಕರಾಗಿಸಿದ ಆ ಒಂದು ನಿರ್ಧಾರ ಇಡೀ ಆಟವನ್ನು ಹೊತ್ತು ನಿಂತಿದೆ. ಶೀರ್ಷಿಕೆಯೂ ಹಾಗೆ. ಎಷ್ಟು ದಿನ ಇದೆ, ಏನು ಪಣ ಎಂಬ ನಿಯಮವೇ ಅಲ್ಲಿ ಹೆಸರಾಗಿದೆ.

ಕಥೆ ಕವಲೊಡೆಯುವಾಗ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ರತಿ ಆಯ್ಕೆಗೂ ಎರಡು ಹೊಸ ದಾರಿ ಬರೆಯುತ್ತ ಹೋದರೆ ಹತ್ತೇ ಆಯ್ಕೆಗೆ 1024 ಕೊನೆಗಳಾಗುತ್ತವೆ. ಯಾರಿಂದಲೂ ಬರೆಯಲಾಗದು. ದಾರಿಗಳು ಕವಲೊಡೆದು ಮತ್ತೆ ಕೂಡಲಿ. ಮೊದಲು ಅಟ್ಟಕ್ಕೆ ಹೋದರೂ ಬಚ್ಚಲಿಗೆ ಹೋದರೂ ಉಗ್ರಾಣದ ಬಾಗಿಲಿಗೇ ಬರಬೇಕು. ಲಾಟೀನು ಕೈಯಲ್ಲಿದೆಯೇ, ಅಜ್ಜಿಗೆ ಎಚ್ಚರವಾಗಿದೆಯೇ ಎಂಬ ಎರಡು ಸಂಗತಿಗಳನ್ನಷ್ಟೇ ಆಟ ನೆನಪಿಡಲಿ. ಈ ನೆನಪುಗಳಿಗೆ ಇಡುವ ಹೆಸರು ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪೂರ್ತಿ ಮಾತಾಗಿರಲಿ. ‘ಗುರುತು 3’ ಎಂದಿಟ್ಟರೆ ಎರಡು ತಿಂಗಳ ನಂತರ ಬರೆದವರಿಗೇ ಅರ್ಥವಾಗುವುದಿಲ್ಲ.

ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ

ಟ್ವೈನ್‌ನಲ್ಲಿ ಕಥೆಯ ಪ್ರತಿ ತುಣುಕಿಗೂ ಒಂದು ಹೆಸರಿರುತ್ತದೆ. ಒಂದು ತುಣುಕಿನಿಂದ ಇನ್ನೊಂದಕ್ಕೆ ಕೊಂಡಿ ಹಾಕುವುದು ಆ ಹೆಸರಿನಿಂದಲೇ. ಈ ಒಳಹೆಸರುಗಳನ್ನು ಕನ್ನಡದಲ್ಲಿಡಬೇಡಿ ಎಂದು ಹೇಳಲು ಕಾರಣವಿದೆ. ಯೂನಿಕೋಡ್‌ನಲ್ಲಿ ‘ಕೊ’ ಎಂಬಲ್ಲಿನ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವದ ಚಿಹ್ನೆಗೆ ಊತ್ವದ ಚಿಹ್ನೆ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆಬೇರೆ. ಕೆಲವು ಕೀಲಿಮಣೆಗಳು ಅಕ್ಷರಗಳ ನಡುವೆ ಕಾಣದ ಜೋಡಕ ಚಿಹ್ನೆಯನ್ನೂ ಸೇರಿಸುತ್ತವೆ. ಆಗ ‘ಕೊಟ್ಟಿಗೆ’ಗೆ ಹಾಕಿದ ಕೊಂಡಿ ‘ಕೊಟ್ಟಿಗೆ’ಯನ್ನೇ ಹುಡುಕಲಾಗದೆ ನಿಲ್ಲುತ್ತದೆ, ಎಷ್ಟು ನೋಡಿದರೂ ತಪ್ಪು ಕಾಣುವುದಿಲ್ಲ. ಒಳಹೆಸರು, ಫೈಲಿನ ಹೆಸರು ಎಲ್ಲ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಜಾಗ ಬಿಡದೆ, ಅಡಿಗೆರೆ ಹಾಕಿ ಇರಲಿ. ಆಡುವವರಿಗೆ ಕಾಣುವುದೆಲ್ಲ ಅಚ್ಚ ಕನ್ನಡದಲ್ಲಿರಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಬರಹವಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿ. ಇಲ್ಲದಿದ್ದರೆ ಬ್ರೌಸರ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ.

ಅಕ್ಷರ ಒಂದೊಂದಾಗಿ ಮೂಡುವ ಟೈಪ್‌ರೈಟರ್ ಪರಿಣಾಮ ಇಂಗ್ಲಿಷ್ ಆಟಗಳಲ್ಲಿ ಸಾಮಾನ್ಯ. ಅದನ್ನೇ ತಂದು ಕನ್ನಡಕ್ಕೆ ಹಾಕಿದರೆ ‘ಅಕ್ಷತೆ’ ಎಂಬುದು ಮೂಡುವಾಗ ನಡುವೆ ‘ಅಕ್’ ಎಂದು ತೋರಿ ಆಮೇಲೆ ಒತ್ತಕ್ಷರ ಕೂಡಿಕೊಳ್ಳುತ್ತದೆ. ಓದು ಮಿಣುಕಿದಂತಾಗುತ್ತದೆ. ಪದ ಪದವಾಗಿ ಮೂಡಿಸಿ, ಇಲ್ಲವೇ ವಾಕ್ಯವಾಗಿ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸಬೇಡಿ. ಸಾಲುಗಳ ನಡುವಿನ ಅಂತರ ಹೆಚ್ಚಿಸಿ, ಏಕೆಂದರೆ ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ಗೂಗಲ್‌ನ ನೋಟೋ ಕನ್ನಡ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಆಟದ ಜೊತೆಗೇ ಫಾಂಟ್ ಕೊಟ್ಟರೆ ಯಾರ ಫೋನಿನಲ್ಲಿ ಹೇಗೆ ಕಂಡೀತು ಎಂಬ ಚಿಂತೆ ಇಲ್ಲ.

ಆಟಕ್ಕೊಂದು ಹೆಸರು

‘ಝೋರ್ಕ್’ ಎಂಬುದಕ್ಕೆ ಅರ್ಥವಿರಲಿಲ್ಲ. ಮುಗಿಯದ ಪ್ರೋಗ್ರಾಮುಗಳನ್ನು ಕರೆಯಲು ಎಂಐಟಿಯ ಹುಡುಗರು ಬಳಸುತ್ತಿದ್ದ ತಾತ್ಕಾಲಿಕ ಹೆಸರದು. ಆಟ ಮುಗಿಯುತ್ತ ಬಂದಾಗ ಗಂಭೀರವಾಗಿರಲಿ ಎಂದು ‘ಡಂಜನ್’ ಎಂದು ಬದಲಿಸಿದರು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟಿಸುತ್ತಿದ್ದ ಟಿಎಸ್‌ಆರ್ ಕಂಪನಿ ಆ ಹೆಸರು ತನ್ನದೆಂದು ತಕರಾರು ತೆಗೆಯಿತು. ಮತ್ತೆ ‘ಝೋರ್ಕ್’ಗೇ ಮರಳಿದರು. ಇನ್‌ಫೋಕಾಮ್ ಸಂಸ್ಥೆ 1980ರಿಂದ ಅದೇ ಹೆಸರಲ್ಲಿ ಮಾರಿತು. ಇವತ್ತು ಆ ಹೆಸರನ್ನು ಹುಡುಕಿದರೆ ಆ ಆಟ ಬಿಟ್ಟು ಬೇರೇನೂ ಸಿಗುವುದಿಲ್ಲವೆನ್ನುವಷ್ಟು ಅದು ಅದರದೇ ಆಗಿದೆ.

ಹೀಗಾಗಿ ಶೀರ್ಷಿಕೆ ಮನಸ್ಸಿಗೆ ಬಂದ ದಿನವೇ ಮೂರು ಕಡೆ ಹುಡುಕಿ: ಸಾಮಾನ್ಯ ಹುಡುಕಾಟ, ಆ್ಯಪ್ ಅಂಗಡಿಗಳು, ಕೇಂದ್ರ ಸರ್ಕಾರದ ಐಪಿ ಇಂಡಿಯಾ ತಾಣದಲ್ಲಿರುವ ಟ್ರೇಡ್‌ಮಾರ್ಕ್ ಹುಡುಕಾಟ. ಈ ಕೊನೆಯದೂ ಉಚಿತ. ಸಾಫ್ಟ್‌ವೇರ್‌ಗೆ 9ನೇ ವರ್ಗ, ಮನರಂಜನಾ ಸೇವೆಗೆ 41ನೇ ವರ್ಗ ನೋಡಿದರೆ ಸಾಕು. ಪ್ರಸಿದ್ಧ ಕಾದಂಬರಿ, ಸಿನಿಮಾಗಳ ಹೆಸರು ಬೇಡ. ಹುಡುಕಿದವರಿಗೆ ನಿಮ್ಮ ಆಟ ನೂರನೇ ಸಾಲಿನಲ್ಲೂ ಸಿಗುವುದಿಲ್ಲ. ಕನ್ನಡದವರಲ್ಲಿ ಹಲವರು ಇಂಗ್ಲಿಷ್ ಅಕ್ಷರದಲ್ಲೇ ಹುಡುಕುತ್ತಾರೆ. ‘ಹಳೇ ಬಾವಿ’ಯನ್ನು ಹತ್ತು ಜನ ಹತ್ತು ಸ್ಪೆಲ್ಲಿಂಗಿನಲ್ಲಿ ಬರೆದಾರು. ‘ಅಟ್ಟ’ಕ್ಕೂ ಎರಡು ಮೂರು ಬಗೆ ಇವೆ. ‘ಕೊಪ್ಪೆ’ ಆದರೆ ಗೊಂದಲ ಕಡಿಮೆ. ಹೆಸರನ್ನು ನಾಲ್ಕು ಜನರಿಗೆ ಫೋನಿನಲ್ಲಿ ಹೇಳಿ, ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಕಳಿಸಲು ಕೇಳಿ. ನಾಲ್ವರದ್ದೂ ಒಂದೇ ಬಂದರೆ ಆ ಹೆಸರು ಇಟ್ಟುಕೊಳ್ಳಿ.

ಬೇರೆಯವರ ಕೈಗೆ ಕೊಡುವ ಮುನ್ನ

ಟ್ವೈನ್ ನಿಮ್ಮ ಆಟವನ್ನು ಒಂದೇ ಎಚ್‌ಟಿಎಂಎಲ್ ಫೈಲಾಗಿ ಕೊಡುತ್ತದೆ. ಅದನ್ನು ‘ಇಚ್ ಡಾಟ್ ಐಓ’ ತಾಣಕ್ಕೆ ಏರಿಸಿದರೆ ಯಾರು ಬೇಕಾದರೂ ಬ್ರೌಸರ್‌ನಲ್ಲಿ ಆಡಬಹುದು. ಅದಕ್ಕೆ ಮುಂಚೆ ಫೋನಿನ ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿ, ಒಮ್ಮೆ ಪೂರ್ತಿ ಆಡಿ. ಅಂಧರು ಸರಿಸಮವಾಗಿ ಆಡಬಹುದಾದ ಆಟದ ಪ್ರಕಾರಗಳು ಕಡಿಮೆ, ಅದರಲ್ಲಿ ಇದು ಮುಖ್ಯವಾದದ್ದು. ‘ಎ ಡಾರ್ಕ್ ರೂಮ್’ನ ಐಫೋನ್ ಆವೃತ್ತಿ ಪರದೆ ಓದುವ ವಾಯ್ಸ್‌ಓವರ್‌ಗೆ ಹೊಂದುವಂತಿದೆ. ಕೊಂಡಿಗಳ ಮೇಲೆ ‘ಇಲ್ಲಿ ಒತ್ತಿ’, ‘ಮುಂದೆ’ ಎಂದಿದ್ದರೆ ಕೇಳುವವರಿಗೆ ಏನೂ ತಿಳಿಯದು. ‘ಹಂಡೆಯ ಹಿಂದೆ ತಡಕುತ್ತೇನೆ’ ಎಂದಿದ್ದರೆ ತಿಳಿಯುತ್ತದೆ.

ಆಮೇಲೆ ಇಬ್ಬರನ್ನು ಎದುರು ಕೂರಿಸಿ ಆಡಿಸಿ, ಒಬ್ಬರು ಆಟಗಳ ಅಭ್ಯಾಸವಿರುವವರು, ಇನ್ನೊಬ್ಬರು ಕಥೆ ಓದುವವರು. ಪಕ್ಕದಲ್ಲಿ ಕೂತು ಸುಳಿವು ಕೊಡಬೇಡಿ. ಅವರು ಬಾಯಿಬಿಟ್ಟು ಹೇಳುವ ಹೆಸರುಗಳನ್ನು ಮಾತ್ರ ಬರೆದುಕೊಳ್ಳಿ. ‘ಆ ಗಡಿಯಾರ ನೋಡೋಕಾಗಲ್ವಾ?’ ಎಂದರೆ ಗಡಿಯಾರಕ್ಕೆ ಉತ್ತರ ಬರೆಯಿರಿ, ಇಲ್ಲವೇ ಗಡಿಯಾರವನ್ನೇ ತೆಗೆಯಿರಿ. ಅವರು ಒಮ್ಮೆಯೂ ಎತ್ತದ ಹೆಸರುಗಳನ್ನು ಇನ್ನೊಂದು ಪಟ್ಟಿ ಮಾಡಿ, ಕಥೆಗೆ ಬೇಕಿಲ್ಲದವನ್ನು ಅಳಿಸಿ. ತಿದ್ದಿದ ಆಟವನ್ನು ಇನ್ನಿಬ್ಬರು ಹೊಸಬರಿಗೆ ಕೊಡಿ, ಏಕೆಂದರೆ ಮೊದಲಿನವರಿಗೆ ಕೀಲಿ ಎಲ್ಲಿದೆಯೆಂದು ಈಗ ಗೊತ್ತು.